ನಿವಾಳಿಸಿದ ಉಪ್ಪು

ಗಂಡ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡೇ ಪುಟ್ಟಲಿಂಗಮ್ಮ ಮಗಳಿಗೆ ದೃಷ್ಟಿ ತೆಗೆಯಬೇಕಿತ್ತು. ಅವರಿದ್ದಾಗ ಉಪ್ಪಿನ ಜಾಡಿಗೆ ಕೈ ಹಾಕಿದರೆ ಸಾಕು, ಮನೆ ರಣರಂಗ. ಮಹದೇವಯ್ಯ ಮೇಟಗಳ್ಳಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯಾಗಿ ಆಯುಸ್ಸು ಕಳೆದು ನಿವೃತ್ತರಾದವರು. ಬೌದ್ಧ ಧರ್ಮಕ್ಕೆ ಸೇರಿದ ಮೇಲಂತೂ ಸ್ವಂತ ಮನೆಯ ಬಾಗಿಲನ್ನೂ ಗೇಟು ಕಾದ ಹಾಗೆಯೇ ಕಾಯತೊಡಗಿದ್ದರು. ತಾಯತ, ನಿಂಬೆಹಣ್ಣು, ಶಕುನ, ಹಲ್ಲಿ ನುಡಿಯುವುದು, ಯಾವುದಕ್ಕೂ ಒಳಗೆ ಪ್ರವೇಶವಿಲ್ಲ. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ, ಅಷ್ಟೇ.

ಆ ಎರಡು ಪಟಗಳ ಮೇಲೆ ಪುಟ್ಟಲಿಂಗಮ್ಮನಿಗೇನು ಭಕ್ತಿ ಕಮ್ಮಿಯಿರಲಿಲ್ಲ. ದಿನಾ ಬೆಳಿಗ್ಗೆ ಒರೆಸಿ ಹೂವಿಡುತ್ತಿದ್ದವಳು ಅವಳೇ. ಆದರೆ ಹೆತ್ತ ಮಗಳು ಕಣ್ಣೆದುರಿಗೇ ಸೊರಗುತ್ತಾ ಹೋದರೆ ಯಾವ ತಾಯಿ ಕೈಕಟ್ಟಿಕೊಂಡು ಕೂರುತ್ತಾಳೆ ಹೇಳಿ? ಬುದ್ಧನನ್ನು ಹೆತ್ತ ತಾಯಿ ಬದುಕಿದ್ದಿದ್ದರೆ ಅವಳೂ ಮಗನಿಗೆ ಒಂದು ಹಿಡಿ ಉಪ್ಪು ನಿವಾಳಿಸಿ ಎಸೆಯುತ್ತಿದ್ದಳು ಎಂದು ಪುಟ್ಟಲಿಂಗಮ್ಮ ಪಟದ ಕಡೆ ನೋಡಿಕೊಂಡೇ ಮನಸ್ಸಿನಲ್ಲಿ ವಾದ ಹೂಡಿ, ತಾನೇ ಗೆದ್ದಿದ್ದಳು.

ಮಗಳು ಭಾನುಪ್ರಿಯಾ ಇಲವಾಲದ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಅವಳು ಸೀಟಿ ಊದಿದರೆ ಮೈದಾನದ ಆ ತುದಿಯಲ್ಲಿದ್ದ ಮಕ್ಕಳೂ ನೆಟ್ಟಗೆ ನಿಲ್ಲಬೇಕು, ಅಂಥ ಗಟ್ಟಿಗಿತ್ತಿ. ಹೋದ ವರ್ಷ ಅವಳ ಖೋ-ಖೋ ತಂಡ ಟ್ರೋಫಿ ಗೆದ್ದು, ಅದನ್ನು ಹಿಡಿದು ನಿಂತ ಅವಳ ಫೋಟೊ ಪೇಪರಿನಲ್ಲಿ ಬಂತು. ಬೀದಿಯವರೆಲ್ಲ ನೋಡಿದರು, ಹೊಗಳಿದರು. ಪುಟ್ಟಲಿಂಗಮ್ಮನ ಲೆಕ್ಕದಲ್ಲಿ ಅನಿಷ್ಟ ಶುರುವಾದದ್ದು ಅಲ್ಲಿಂದಲೇ.

ಮೊದಲು ಬಂದದ್ದು ಸುಸ್ತು. ಸಂಜೆ ಬಸ್ಸಿಳಿದು ಬಂದವಳು ಬ್ಯಾಗು ಮೂಲೆಗೆಸೆದು ಮಲಗಿಬಿಡುತ್ತಿದ್ದಳು. ಆಮೇಲೆ ಊಟ ಸೇರಲಿಲ್ಲ. ಕೂತವಳು ಎದ್ದರೆ ತಲೆ ಸುತ್ತಿ ಗೋಡೆ ಹಿಡಿಯುತ್ತಿದ್ದಳು. ಬಟ್ಟೆಗಳೆಲ್ಲ ಸಡಿಲವಾದವು. ಅದರ ಜೊತೆಗೆ ಮೈಬಣ್ಣ ದಿನೇ ದಿನೇ ಕಪ್ಪಾಗುತ್ತಾ ಬಂತು. "ಬಿಸ್ಲಲ್ಲಿ ನಿಂತ್ಕಳ್ಳೋ ಕೆಲ್ಸ ಕಣವ್ವ, ಕಪ್ಪಾಗ್ದೆ ಇನ್ನೇನು ಬೆಳ್ಳಗಾಯ್ತೀನಾ?" ಎಂದು ಭಾನು ನಕ್ಕುಬಿಡುತ್ತಿದ್ದಳು. ಆದರೆ ತಲೆಗೆ ಎಣ್ಣೆ ಹಚ್ಚುವಾಗ ಪುಟ್ಟಲಿಂಗಮ್ಮ ನೋಡಿದ್ದಳು, ಬಿಸಿಲೇ ತಾಗದ ಕತ್ತಿನ ಮಡಿಕೆ, ಅಂಗೈಯ ಗೆರೆಗಳು ಕೂಡ ಮಸಿ ಬಳಿದ ಹಾಗಿದ್ದವು. ಬೀದಿಯ ಕೊನೆಯ ಕ್ಲಿನಿಕ್ಕಿನವರು ಬಿ.ಪಿ. ಕಮ್ಮಿಯಿದೆ, ರಕ್ತ ಕಮ್ಮಿಯಿದೆ ಎಂದು ಟಾನಿಕ್ಕು ಬರೆದುಕೊಟ್ಟರು. ಬಾಟಲಿಯ ಮೇಲೆ ಬಾಟಲಿ ಖಾಲಿಯಾಯಿತೇ ಹೊರತು ಹುಡುಗಿಯ ಮೈಗೆ ಏನೂ ಹತ್ತಲಿಲ್ಲ.

ಊಟ ಬೇಡದವಳಿಗೆ ಉಪ್ಪೊಂದು ಮಾತ್ರ ಬೇಕಾಗಿತ್ತು. ಮಜ್ಜಿಗೆಗೆ ಚಮಚಗಟ್ಟಲೆ ಸುರಿದುಕೊಳ್ಳುತ್ತಿದ್ದಳು. ಉಪ್ಪಿನಕಾಯಿಯ ಹೋಳು ಬಿಟ್ಟು ರಸ ನೆಕ್ಕುತ್ತಿದ್ದಳು. ನಾಲಿಗೆ ಕೆಟ್ಟಿದೆ, ಹಾಗಾಗಿ ಉಪ್ಪುಖಾರ ಬೇಡುತ್ತಿದೆ ಎಂದುಕೊಂಡು ಪುಟ್ಟಲಿಂಗಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಅವತ್ತು ಭಾನುವಾರ. ಮಹದೇವಯ್ಯ ಬುದ್ಧ ವಿಹಾರದ ಸಭೆಗೆ ಹೋಗಿದ್ದರು. ಪುಟ್ಟಲಿಂಗಮ್ಮ ಮಗಳನ್ನು ಹಿತ್ತಲ ಬಾಗಿಲ ಹತ್ತಿರ ಮಣೆಯ ಮೇಲೆ ಕೂರಿಸಿದಳು. ಒಂದು ಹಿಡಿ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು, "ಊರ್ ಕಣ್ಣು, ಕೇರಿ ಕಣ್ಣು, ಪೇಪರ್ ನೋಡಿದ್ ಕಣ್ಣು" ಎಂದು ತಲೆಯಿಂದ ಕಾಲಿನವರೆಗೆ ನಿವಾಳಿಸಿದಳು. ಪೇಪರಿನವರ ಕಣ್ಣನ್ನು ಅವಳೇ ಹೊಸದಾಗಿ ಸೇರಿಸಿಕೊಂಡಿದ್ದಳು. ನಿವಾಳಿಸಿದ್ದನ್ನು ಮುತ್ತುಗದ ಎಲೆಯ ಮೇಲಿಟ್ಟು, ಒಲೆಗೆ ಹಾಕೋಣವೆಂದು ಬೆಂಕಿಪೊಟ್ಟಣ ತರಲು ಒಳಗೆ ಹೋದಳು. ಬರುವಷ್ಟರಲ್ಲಿ ಕಟಕಟ ಸದ್ದು.

ನೋಡುತ್ತಾಳೆ, ಭಾನು ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಉಪ್ಪನ್ನು ಕಡಲೆಕಾಯಿ ತಿಂದ ಹಾಗೆ ತಿನ್ನುತ್ತಿದ್ದಾಳೆ!

"ಅಯ್ಯೋ ನನ್ನವ್ವ! ಉಗಿಯೇ! ಉಗಿ ಅಂದ್ರೆ!" ಪುಟ್ಟಲಿಂಗಮ್ಮ ಮಗಳ ಬಾಯಿಗೇ ಬೆರಳು ಹಾಕಿದಳು. "ತಗ್ದಿದ್ ದಿಷ್ಟಿನ ಯಾರಾರ ತಿಂದಾರೇನೇ? ಬುದ್ಧಿ ಎಲ್ಲಿಟ್ಟಿದ್ಯೇ?"

"ಬಾಯಿ ಕೇಳ್ತದೆ ಕಣವ್ವ," ಎಂದಳು ಭಾನು. ನಾಚಿಕೆಯಿಂದ ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಯಾಕೆ ಅಂತ ನಂಗೂ ಗೊತ್ತಿಲ್ಲ. ಕಣ್ಮುಂದೆ ಉಪ್ಪು ಇದ್ರೆ ತಡ್ಕಳಕ್ಕೇ ಆಗಲ್ಲ."

ಪುಟ್ಟಲಿಂಗಮ್ಮ ಎಲೆಯನ್ನು ಕಸಿದುಕೊಂಡಳು. ಊರಿನವರ ಕೆಟ್ಟ ಕಣ್ಣನ್ನೆಲ್ಲ ತಾನೇ ಒಟ್ಟುಮಾಡಿ ಮಗಳ ಹೊಟ್ಟೆಗೆ ತುಂಬಿದಂತಾಯಿತಲ್ಲ! ಗಂಡನಿಗೆ ಹೇಳುವ ಹಾಗಿಲ್ಲ. ಎದುರುಮನೆಯ ಮಂಜುಳಮ್ಮನ ಹತ್ತಿರ ಓಡಿದಳು. ಮಂಜುಳಮ್ಮ ಇಂಥ ವಿಷಯಗಳಲ್ಲಿ ಬೀದಿಗೆಲ್ಲ ಸುಪ್ರೀಂ ಕೋರ್ಟು.

"ತಗ್ದಿದ್ದು ತಿರುಗ ಒಳಿಕ್ಕೇ ಓಯ್ತಲ್ಲವ್ವ!" ಎಂದು ಮಂಜುಳಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಉಪ್ಪಲ್ ಓಗಿರೋದು ಉಪ್ ಬುಟ್ರೇನೇ ಈಚಿಗ್ ಬರೋದು. ಅಮಾಸೆ ಗಂಟ ಸಪ್ಪೆ ಪಥ್ಯ ಮಾಡ್ಸು. ಒಂದ್ ಕಲ್ ಉಪ್ಪೂ ಬಾಯಿಗೆ ಬೀಳ್ಕೂಡ್ದು."

ತೀರ್ಪು ಬಂದ ಮೇಲೆ ಮುಗಿಯಿತು. ಉಪ್ಪಿನ ಜಾಡಿ, ಉಪ್ಪಿನಕಾಯಿ, ಸಂಡಿಗೆ ಎಲ್ಲವೂ ಬೀರುವಿನೊಳಗೆ ಹೋಗಿ ಬೀಗ ಬಿತ್ತು. ಹೊರಗೆಲ್ಲೂ ಉಪ್ಪು ಸಿಗಬಾರದೆಂದು ಮಗಳಿಗೆ ಶಾಲೆಗೂ ರಜೆ ಹಾಕಿಸಿದಳು. ಮಗಳೊಬ್ಬಳಿಗೇ ಸಪ್ಪೆ ಮಾಡಿದರೆ ಗಂಡನಿಗೆ ಅನುಮಾನ ಬರುತ್ತದಲ್ಲ, ಅದಕ್ಕೆ ಮನೆಮಂದಿಗೆಲ್ಲ ಸಪ್ಪೆ. ಮಹದೇವಯ್ಯ ಸಾರಿಗೆ ಅದ್ದಿದ ಮೊದಲ ತುತ್ತಿಗೇ ಮುಖ ಕಿವಿಚಿದರು. "ನಿಮ್ ಬಿ.ಪಿ.ಗೆ ಒಳ್ಳೇದಂತೆ ಕಣ್ರೀ," ಎಂದಳು ಪುಟ್ಟಲಿಂಗಮ್ಮ. "ನಂಗೆ ಬಿ.ಪಿ.ನೇ ಇಲ್ವಲ್ಲೇ?" ಎಂದರು ಅವರು. "ಬರ್ದೇ ಇರ್ಲಿ ಅಂತ," ಎಂದು ಅವಳು ಇನ್ನೊಂದು ಸೌಟು ಬಡಿಸಿದಳು.

ಭಾನು ಮಾತ್ರ ಉಪ್ಪಿಗಾಗಿ ಚಿಕ್ಕ ಮಗುವಿನ ಹಾಗೆ ಅಂಗಲಾಚಿದಳು. ಪುಟ್ಟಲಿಂಗಮ್ಮ ಕರುಳನ್ನು ಕಲ್ಲು ಮಾಡಿಕೊಂಡು ಕೂತಳು. ಬೇಡುತ್ತಿರುವುದು ಮಗಳಲ್ಲ, ಒಳಗೆ ಹೋಗಿರುವುದು ಎಂದು ಮಂಜುಳಮ್ಮ ಹೇಳಿಬಿಟ್ಟಿದ್ದಳಲ್ಲ. ಎರಡು ದಿನಕ್ಕೆ ವಾಂತಿ ಶುರುವಾಯಿತು. ಹೊಟ್ಟೆನೋವು ಎಂದು ಹುಡುಗಿ ಮುದುಡಿ ಮಲಗಿದಳು. ಹೊರಗೆ ಬರುವಾಗ ಅದು ಹೀಗೇ ಕಾಡುವುದು, ಹೆದರಬೇಡ ಎಂದಳು ಮಂಜುಳಮ್ಮ. ಮಾರನೆಯ ಬೆಳಿಗ್ಗೆ ಬಚ್ಚಲಿಗೆ ಹೋದ ಭಾನು ಅಲ್ಲೇ ಕುಸಿದು ಬಿದ್ದಳು. ಮಹದೇವಯ್ಯ ಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಟೊಗೆ ಓಡಿದರು. ಅವಳು ಅಷ್ಟು ಹಗುರಾಗಿದ್ದು ಅವರಿಗೆ ಗೊತ್ತಾದದ್ದೇ ಆವಾಗ.

ದೊಡ್ಡಾಸ್ಪತ್ರೆಯ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಅವತ್ತು ಇದ್ದವರು ಡಾಕ್ಟರ್ ಮೈತ್ರೇಯಿ. ವಯಸ್ಸು ಚಿಕ್ಕದು, ಮಾತು ಚುರುಕು. ಬಿ.ಪಿ. ನೋಡಿದರು, ಮತ್ತೊಮ್ಮೆ ನೋಡಿದರು. ಸಿಗುವುದೇ ಕಷ್ಟ ಎನ್ನುವಷ್ಟು ಇಳಿದಿತ್ತು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಕೈಗೆ ಸೂಜಿ ಹಾಕಿಸುತ್ತಲೇ ಒಂದೊಂದಾಗಿ ಕೇಳಿದರು. ಎಷ್ಟು ತಿಂಗಳಿಂದ ಸುಸ್ತು? ತೂಕ ಇಳಿದಿದೆಯಾ? ಜ್ವರ ಇತ್ತಾ? ಆಮೇಲೆ ಕೇಳಿದರು, "ಉಪ್ಪು ಜಾಸ್ತಿ ತಿನ್ನೋಳಾ? ಉಪ್ಪು ಬೇಕು ಬೇಕು ಅನ್ನೋದು ಏನಾದ್ರೂ ಇತ್ತಾ?"

ಪುಟ್ಟಲಿಂಗಮ್ಮ ಸೆರಗು ಎಳೆದುಕೊಂಡಳು. ಇವರಿಗೆ ಹೇಗೆ ಗೊತ್ತಾಯಿತು? ಪಕ್ಕದಲ್ಲೇ ಗಂಡ ನಿಂತಿದ್ದಾರೆ. ಬಾಯಿ ಬಿಟ್ಟರೆ ದೃಷ್ಟಿ, ಮುತ್ತುಗದ ಎಲೆ, ಬೀರುವಿನ ಬೀಗ, ಎಲ್ಲವೂ ಒಂದರ ಹಿಂದೆ ಒಂದು ಹೊರಬೀಳುತ್ತದೆ.

"ಇಲ್ಲ ಕಣ್ರವ್ವ," ಎಂದಳು. "ಸಪ್ಪೆನೇ ಉಣ್ಣೋದು."

"ಮನೇಲಿ ನಾವ್ಯಾರೂ ಉಪ್ಪು ಜಾಸ್ತಿ ತಿನ್ನಲ್ಲ ಡಾಕ್ಟ್ರೇ," ಎಂದು ಮಹದೇವಯ್ಯ ಸಪ್ಪೆ ಸಾರನ್ನು ನೆನೆದು ಸಾಕ್ಷಿ ಬೇರೆ ನುಡಿದರು.

ಡಾಕ್ಟರ್ ಏನೋ ಅಂದುಕೊಂಡಿದ್ದವರು ಅದನ್ನು ಅಲ್ಲಿಗೇ ಬಿಟ್ಟಂತೆ ಕಂಡಿತು. ಹೊಟ್ಟೆ ಒತ್ತಿ ನೋಡಿ, "ಹೊಟ್ಟೇಲಿ ಏನಾಗಿದೆ ಅಂತ ಸ್ಕ್ಯಾನ್ ಮಾಡಿಸೋಣ, ಸರ್ಜನ್‌ಗೂ ಹೇಳಿ," ಎಂದು ಪಕ್ಕದ ಹಾಸಿಗೆಯ ಕಡೆ ತಿರುಗಿದರು.

ನರ್ಸ್ ದಿವ್ಯ ಬಾಟಲಿ ತೂಗುಹಾಕಿ ನಳಿಕೆ ಬಿಟ್ಟಳು. ತೊಟ್ಟು ತೊಟ್ಟಾಗಿ ಏನೋ ಇಳಿಯತೊಡಗಿತು. ಮಗಳ ಕಾಲೊತ್ತುತ್ತಾ ನಿಂತಿದ್ದ ಪುಟ್ಟಲಿಂಗಮ್ಮ, "ಇದೇನವ್ವ, ಗ್ಲೂಕೋಸಾ?" ಎಂದು ಕೇಳಿದಳು.

"ಇಲ್ಲಮ್ಮ, ಸಲೈನು. ಉಪ್ಪುನೀರು."

"ಉಪ್ಪಾ!"

ಅಷ್ಟೇ. ಪುಟ್ಟಲಿಂಗಮ್ಮನಿಗೆ ಅದೆಲ್ಲಿತ್ತೋ ಧೈರ್ಯ, ಎರಡೂ ಕೈಯಲ್ಲಿ ನಳಿಕೆ ಹಿಡಿದುಕೊಂಡಳು. "ಬ್ಯಾಡ ಬ್ಯಾಡ! ತಗೀರಿ! ಅವಳ್ಗೆ ಉಪ್ಪು ಆಕ್ಬೇಡ್ರಿ, ಅಮಾಸೆ ಗಂಟ ಉಪ್ಪು ಸೋಕಂಗಿಲ್ಲ! ನನ್ ಮಗ್ಳು ಸತ್ತೋಗ್ತಾಳೆ!"

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ದಿವ್ಯ ಅವಳ ಕೈ ಬಿಡಿಸಲು ಹೆಣಗಿದಳು. "ಏನ್ ಆಡ್ತಿದ್ದೀಯೇ ನೀನು?" ಎಂದು ಮಹದೇವಯ್ಯ ಗದರಿದರು. ಡಾಕ್ಟರ್ ಮೈತ್ರೇಯಿ ಓಡಿಬಂದು ಎಲ್ಲರನ್ನೂ ಸುಮ್ಮನಾಗಿಸಿ, ಪುಟ್ಟಲಿಂಗಮ್ಮನ ಭುಜ ಹಿಡಿದರು. "ಯಾಕಮ್ಮ ಉಪ್ಪು ಬೇಡ? ನಿಧಾನವಾಗಿ ಹೇಳಿ, ಯಾಕೆ?"

ಕಟ್ಟೆ ಒಡೆಯಿತು. ಅವಳು ಗಂಡನ ಮುಖ ನೋಡದೆ, ಸೆರಗು ಬಾಯಿಗೊತ್ತಿಕೊಂಡು, ಎಲ್ಲವನ್ನೂ ಹೇಳಿದಳು. ಮಜ್ಜಿಗೆಗೆ ಸುರಿದುಕೊಳ್ಳುತ್ತಿದ್ದ ಉಪ್ಪು, ಉಪ್ಪಿನಕಾಯಿಯ ರಸ, ನಿವಾಳಿಸಿದ್ದನ್ನೂ ಬಿಡದೆ ತಿಂದದ್ದು, ಬೀರುವಿಗೆ ಬೀಗ ಹಾಕಿದ್ದು. "ಬೇಡ್ಕಂಡ್ಳು ಕಣ್ರವ್ವ, ನಾನ್ ಕೊಡ್ಲಿಲ್ಲ. ಆಮ್ಯಾಕೇ ವಾಂತಿ ಕಿತ್ಕಂಡಿದ್ದು."

ಡಾಕ್ಟರ್ ಬೈಯಲಿಲ್ಲ, ನಗಲೂ ಇಲ್ಲ. ಭಾನುವಿನ ಅಂಗೈ ಬಿಡಿಸಿ ಗೆರೆಗಳನ್ನು ಬೆಳಕಿಗೆ ಹಿಡಿದರು. ತುಟಿ ಮಗುಚಿ ಒಸಡು ನೋಡಿದರು. ಅಲ್ಲೂ ಕಪ್ಪು ಮಚ್ಚೆಗಳು. "ಬಿಸಿಲು ಬಾಯೊಳಗೆ ಬೀಳಲ್ವಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ದನಿಯೇ ಬದಲಾಯಿತು. "ದಿವ್ಯ, ಕಾರ್ಟಿಸಾಲ್ ಟೆಸ್ಟಿಗೆ ಇನ್ನೊಂದು ಸ್ಯಾಂಪಲ್ ತೆಗೆದಿಟ್ಕೊಂಡು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಡು, ಈಗಲೇ. ರಿಪೋರ್ಟಿಗೆ ಕಾಯೋದು ಬೇಡ. ಸಲೈನ್ ಜೋರಾಗಿ ಬಿಡು. ಸ್ಕ್ಯಾನು ಆಮೇಲೆ."

ಇಬ್ಬರನ್ನೂ ಹೊರಗೆ ಕಳಿಸಿದರು.

ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಪುಟ್ಟಲಿಂಗಮ್ಮ, ಇನ್ನೊಂದು ತುದಿಯಲ್ಲಿ ಮಹದೇವಯ್ಯ ಕೂತರು. ನಡುವೆ ಇಬ್ಬರು ಕೂರುವಷ್ಟು ಜಾಗ. ಅವರು ಬೈದುಬಿಟ್ಟಿದ್ದರೆ ಅವಳಿಗೆ ಎಷ್ಟೋ ವಾಸಿಯೆನಿಸುತ್ತಿತ್ತು. ಬೈಯಲಿಲ್ಲ. ನೆಲ ನೋಡುತ್ತಲೇ ಮಾತು ತೆಗೆದರು.

"ದೃಷ್ಟಿ ತೆಗೀತಿದ್ದಿದ್ದು ನಂಗೆ ಗೊತ್ತಿತ್ತು."

ಅವಳು ತಲೆಯೆತ್ತಿದಳು.

"ಮೆಣಸಿನಕಾಯಿ ಸುಟ್ಟ ಘಾಟು ಬೀದಿ ತಿರುವಿಗೇ ಹೊಡೀತಿತ್ತು ಕಣೆ, ಪುಟ್ಲಿಂಗಿ. ಜೀವಮಾನವೆಲ್ಲ ಗೇಟ್ ಕಾದೋನಿಗೆ ಅಷ್ಟೂ ತಿಳಿಯಲ್ವಾ? ವಿಹಾರದಿಂದ ಬೇಗ ಬಿಟ್ರೂ ಬೇಕಂತ್ಲೇ ಟೀ ಅಂಗಡೀಲಿ ಕೂತ್ಕೋತಿದ್ದೆ. ನಿನ್ ಕೆಲ್ಸ ಮುಗ್ದು ಘಾಟು ಹೋಗ್ಲಿ ಅಂತ."

"ಮತ್ಯಾಕೆ ಸುಮ್ಕಿದ್ರಿ?"

"ನಂಗೂ ಭಯ ಆಗ್ಬುಟ್ಟಿತ್ತು," ಎಂದರು ಮಹದೇವಯ್ಯ. "ಯಾವುದ್ರಿಂದಾದ್ರೂ ಆಗ್ಲಿ, ಮಗು ಉಳ್ಕಂಡ್ರೆ ಸಾಕು ಅನ್ನಿಸ್ಬುಡ್ತು."

ಪುಟ್ಟಲಿಂಗಮ್ಮ ಬೆಂಚಿನ ಮೇಲೆ ಜರುಗಿ ಅವರ ಪಕ್ಕಕ್ಕೆ ಬಂದಳು. ಇಷ್ಟು ತಿಂಗಳು ಒಂದೇ ಸೂರಿನ ಕೆಳಗೆ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಒಂದೇ ಭಯವನ್ನು ಇಬ್ಬರೂ ಹೊತ್ತಿದ್ದರಲ್ಲ ಎಂದು ಅವಳಿಗೆ ದುಃಖ ಉಕ್ಕಿ ಬಂತು. ಅಳಲು ಹೆಗಲೊಂದು ಸಿಕ್ಕಿತೆಂಬ ಸಮಾಧಾನವೂ ಆಯಿತು.

ಡಾಕ್ಟರ್ ಹೊರಗೆ ಬಂದಾಗ ಅವರ ಮುಖದಲ್ಲಿ ನಗುವಿತ್ತು. ಆ ನಗು ಕಂಡದ್ದೇ ಪುಟ್ಟಲಿಂಗಮ್ಮನಿಗೆ ಅರ್ಧ ಜೀವ ಬಂತು.

"ಬಿ.ಪಿ. ಏರಿದೆ. ಎಚ್ಚರ ಇದ್ದಾಳೆ. ಅಮ್ಮ ಎಲ್ಲಿ ಅಂತ ಕೇಳ್ತಿದ್ದಾಳೆ," ಎಂದರು. "ರಿಪೋರ್ಟೂ ಬಂತು. ನಾನು ಅಂದ್ಕೊಂಡ ಹಾಗೇ ಇದೆ, ರಕ್ತದಲ್ಲಿ ಉಪ್ಪಿನಂಶ ತೀರಾ ಇಳಿದುಹೋಗಿದೆ."

"ಅಷ್ಟೊಂದು ತಿಂದ್ರೂನಾ?"

"ಅಷ್ಟೊಂದು ತಿಂದಿದ್ದಕ್ಕೇ ಇಷ್ಟು ದಿನ ಓಡಾಡ್ಕೊಂಡಿದ್ಳು ಕಣಮ್ಮ." ಡಾಕ್ಟರ್ ಅವರೆದುರಿನ ಬೆಂಚಿನಲ್ಲೇ ಕೂತರು. "ನಮ್ಮ ಎರಡು ಕಿಡ್ನಿ ಇರ್ತವಲ್ಲ, ಒಂದೊಂದರ ಮೇಲೂ ಟೋಪಿ ಇಟ್ಟ ಹಾಗೆ ಒಂದು ಸಣ್ಣ ಗ್ರಂಥಿ ಇರುತ್ತೆ. ಅದು ಒಂದು ಹಾರ್ಮೋನ್ ಕಳಿಸುತ್ತೆ. ಕಿಡ್ನಿಗೆ ಅದೇ ಅಪ್ಪಣೆ, ಉಪ್ಪನ್ನ ಹೊರಗೆ ಬಿಡಬೇಡ, ವಾಪಸ್ ಒಳಗೆ ತಗೋ ಅಂತ. ನಿಮ್ಮ ಮಗಳಲ್ಲಿ ಆ ಗ್ರಂಥಿ ಕೆಟ್ಟಿದೆ. ಅಪ್ಪಣೆ ಬರ್ತಾ ಇಲ್ಲ. ಹಾಗಾಗಿ ಉಪ್ಪು ಮೂತ್ರದಲ್ಲಿ ಸುಮ್ಮನೆ ಹೊರಟುಹೋಗುತ್ತೆ, ಅದರ ಹಿಂದೇನೇ ನೀರೂ ಹೋಗುತ್ತೆ. ರಕ್ತದಲ್ಲಿ ನೀರು ಕಮ್ಮಿಯಾದ್ರೆ ಬಿ.ಪಿ. ಎಲ್ಲಿ ನಿಲ್ಲುತ್ತೆ?"

"ಗೇಟಲ್ಲಿ ಸೆಕ್ಯುರಿಟಿ ಇದ್ದಾನೆ, ಆದ್ರೆ ಆಫೀಸಿಂದ ಅವನಿಗೆ ಆರ್ಡರೇ ಬರ್ತಿಲ್ಲ," ಎಂದರು ಮಹದೇವಯ್ಯ. "ಮಾಲೆಲ್ಲ ಆಚೆಗೆ ಹೋಗ್ತಿದೆ."

"ಸರಿಯಾಗಿ ಹೇಳಿದ್ರಿ! ಮಾಲು ಖಾಲಿಯಾಗ್ತಿದೆ ಅಂತ ಮೈಗೆ ಗೊತ್ತಾಗಿದೆ. ಅದಕ್ಕೇ ನಾಲಿಗೆ ಉಪ್ಪು ಕೊಡು ಉಪ್ಪು ಕೊಡು ಅಂತ ಗೋಳಾಡಿದೆ. ಇನ್ನು ಬಣ್ಣ. ಗ್ರಂಥಿ ಕೆಲಸ ಮಾಡ್ತಿಲ್ಲ ಅಂತ ತಲೆಯೊಳಗಿಂದ ಅದನ್ನ ಎಬ್ಬಿಸೋಕೆ ಇನ್ನೊಂದು ಹಾರ್ಮೋನ್ ಜಾಸ್ತಿ ಜಾಸ್ತಿ ಬರುತ್ತೆ. ಅದೇ ಚರ್ಮಾನ ಕಪ್ಪು ಮಾಡೋದು. ದೃಷ್ಟಿನೂ ಅಲ್ಲ, ಬಿಸಿಲೂ ಅಲ್ಲ."

ಪುಟ್ಟಲಿಂಗಮ್ಮ ಕೇಳಲೋ ಬೇಡವೋ ಎಂದು ಕೇಳಿದಳು. "ಅಂಗಾರೆ ನಾನು ಉಪ್ಪು ಬಚ್ಚಿಟ್ಟಿದ್ದಕ್ಕೇ ಅವಳು ಬಿದ್ದಿದ್ದಾ?"

ಡಾಕ್ಟರ್ ಅವಳ ಕೈ ಹಿಡಿದುಕೊಂಡರು. "ಸುಳ್ಳು ಹೇಳಲ್ಲಮ್ಮ, ಅದರಿಂದ ಕೆಟ್ಟದ್ದಾಯ್ತು. ಆದ್ರೆ ಕಾಯಿಲೆ ಮೊದಲೇ ಇತ್ತು, ಇವತ್ತಲ್ಲ ನಾಳೆ ಬೀಳೋಳೇ. ನೀವು ಹಾಗೆ ಕೂಗಾಡದೇ ಇದ್ದಿದ್ರೆ ನಾನು ಅವಳನ್ನ ಸ್ಕ್ಯಾನಿಗೆ ಕಳಿಸ್ತಿದ್ದೆ, ಆ ಇಂಜೆಕ್ಷನ್ ತಡವಾಗಿರೋದು. ಇನ್ಮೇಲೆ ಡಾಕ್ಟರ್ ಏನು ಕೇಳಿದ್ರೂ ಇದ್ದಿದ್ದು ಇದ್ದ ಹಾಗೆ ಹೇಳಿ. ಮಾತ್ರೆ ಕೊಡ್ತೀವಿ. ಗ್ರಂಥಿ ಕೊಡಬೇಕಾಗಿದ್ದನ್ನ ಮಾತ್ರೆ ಕೊಡುತ್ತೆ. ದಿನಾ ತಗೋಬೇಕು, ಜೀವನಪೂರ್ತಿ. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ, ಜ್ವರ ವಾಂತಿ ಬಂದ್ರೆ ತಕ್ಷಣ ಬರಬೇಕು. ಅಷ್ಟು ಮಾಡಿದ್ರೆ ಸೀಟಿ ಊದ್ಕೊಂಡು ಮೈದಾನದಲ್ಲಿ ಓಡಾಡೋಕೆ ಏನೂ ಅಡ್ಡಿಯಿಲ್ಲ."

ಜೀವನಪೂರ್ತಿ ಮಾತ್ರೆ ಎಂದರೆ ಬೇರೆ ಯಾರಾದರೂ ಕಂಗಾಲಾಗುತ್ತಿದ್ದರೋ ಏನೋ. ಪುಟ್ಟಲಿಂಗಮ್ಮನ ಕಿವಿಗೆ ಬಿದ್ದದ್ದು ಜೀವನಪೂರ್ತಿ ಎಂಬ ಮಾತು ಮಾತ್ರ. ಮಗಳಿಗೆ ಒಂದು ಪೂರ್ತಿ ಜೀವನ ಇದೆ ಎಂದಾಯಿತಲ್ಲ! ಅವಳು ಆಸ್ಪತ್ರೆಯ ನೆಲದ ಮೇಲೇ ಕುಸಿದು ಕೂತು, ಮನಸಾರೆ ಅತ್ತು, ಮುಖ ತೊಳೆದುಕೊಂಡು ಮಗಳನ್ನು ನೋಡಲು ಹೋದಳು.

ಭಾನು ದಿಂಬಿಗೊರಗಿ ಮಲಗಿದ್ದಳು. ಕಣ್ಣಿಗೆ ಬೆಳಕು ಬಂದಿತ್ತು. "ಅವ್ವ, ನಳಿಕೆ ಕಿತ್ತಾಕಕ್ಕೆ ಹೋದ್ಯಂತೆ? ವಾರ್ಡೆಲ್ಲ ಅದೇ ಮಾತು," ಎಂದು ಮೆಲ್ಲಗೆ ನಕ್ಕಳು.

"ನಗು ನಗು. ನಿನ್ನಿಂದ ನನ್ ಮಾನ ಎಲ್ಲ ಓಯ್ತು," ಎಂದು ಪುಟ್ಟಲಿಂಗಮ್ಮ ಅವಳ ಹಣೆ ನೇವರಿಸಿದಳು. ಬಾಟಲಿಯಿಂದ ಇಳಿಯುತ್ತಿದ್ದ ಉಪ್ಪುನೀರಿನ ಕಡೆ ನೋಡಿದಾಗ ಈಗ ಅವಳಿಗೆ ಕೈಮುಗಿಯಬೇಕೆನಿಸಿತು.

ಮನೆಗೆ ಬಂದ ದಿನವೇ ಬೀರುವಿನ ಬೀಗ ತೆಗೆದದ್ದಾಯಿತು. ಎಲ್ಲ ತಿಳಿದ ಮಂಜುಳಮ್ಮ ಮುಖ ಚಿಕ್ಕದು ಮಾಡಿಕೊಂಡು ಒಂದು ಡಬ್ಬಿ ಸಂಡಿಗೆ ಕೊಟ್ಟು ಹೋದಳು. ಮಾತ್ರೆಯ ಉಸ್ತುವಾರಿಯನ್ನು ಮಹದೇವಯ್ಯ ಗೇಟ್ ಡ್ಯೂಟಿಯ ಹಾಗೆ ವಹಿಸಿಕೊಂಡರು. ನುಂಗಿದ ಮೇಲೆ ಬಾಯಿ ತೆರೆದು ತೋರಿಸದೆ ಮಗಳು ಹೊಸ್ತಿಲು ದಾಟುವ ಹಾಗಿರಲಿಲ್ಲ. ಪುಟ್ಟಲಿಂಗಮ್ಮನ ಡ್ಯೂಟಿ ಉಪ್ಪು. ಎಲ್ಲದಕ್ಕೂ ಒಂದು ಚಿಟಿಕೆ ಹೆಚ್ಚಿಗೇ ಹಾಕುತ್ತಿದ್ದಳು, ಭಾನು ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದಳು. ವಾರಗಳು ಕಳೆದವು. ಕೆನ್ನೆ ತುಂಬಿಕೊಂಡಿತು. ಅಂಗೈಯ ಗೆರೆಗಳ ಮಸಿ ಸ್ವಲ್ಪ ಸ್ವಲ್ಪವೇ ತಿಳಿಯಾಗತೊಡಗಿತು. ಭಾನು ಮತ್ತೆ ಇಲವಾಲದ ಬಸ್ಸು ಹತ್ತಿದಳು.

ಒಂದು ಭಾನುವಾರ ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು. ಮೂವರೂ ಒಟ್ಟಿಗೆ ಕೂತಿದ್ದರು. ಪುಟ್ಟಲಿಂಗಮ್ಮ ಅಭ್ಯಾಸದಂತೆ ಕೈ ಸಡಿಲ ಬಿಟ್ಟೇ ಉಪ್ಪು ಹಾಕಿದ್ದಳು. ಮಹದೇವಯ್ಯ ಒಂದು ತುತ್ತು ನುಂಗಿ, ಕಣ್ಣು ಮಿಟುಕಿಸಿ, ಮಾತಾಡದೆ ನೀರಿನ ಲೋಟಕ್ಕೆ ಕೈ ಹಾಕಿದರು. ಭಾನು ಮುದ್ದೆ ಮುರಿದು, ಸಾರಿಗದ್ದಿ ಬಾಯಿಗಿಟ್ಟಳು. ಇಟ್ಟವಳೇ ಮುಖ ಹಿಂಡಿದಳು.

"ಅವ್ವ! ಏನವ್ವ ಇದು, ಈ ಪಾಟಿ ಉಪ್ಪು ಸುರ್ದಿದ್ದೀಯ? ಬಾಯ್ಗಿಡಕ್ಕಾಗಲ್ಲ!"

ಪುಟ್ಟಲಿಂಗಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವಳು ಗಂಡನ ಮುಖ ನೋಡಿದಳು, ಅವರು ಅವಳ ಮುಖ ನೋಡಿದರು. ಇಬ್ಬರ ಕಣ್ಣಲ್ಲೂ ನೀರು, ಇಬ್ಬರ ಬಾಯಲ್ಲೂ ನಗು.

"ಇನ್ನೊಂದ್ ಸಲ ಹೇಳವ್ವ," ಎಂದಳು ಪುಟ್ಟಲಿಂಗಮ್ಮ.

"ಉಪ್ಪು ಜಾಸ್ತಿಯಾಗದೆ ಅಂದೆ. ಅದಕ್ಯಾಕೆ ಇಬ್ರೂ ಅಳ್ತಿದ್ದೀರಿ?"

"ಯಾರ್ ಅಳ್ತಾವ್ರೆ? ಸುಮ್ಕಿರು," ಎಂದು ಪುಟ್ಟಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಸಾರಿಗೆ ಬಿಸಿನೀರು ಬೆರೆಸಲು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.